ಅರಿವಳಿಕೆ ನರ್ಸ್ ಶಿಕ್ಷಣ: ಅರ್ಜಿಗೆ ಮುನ್ನ ಓದಬೇಕಾದ ವಿಷಯಗಳ ಆಯ್ಕೆ

ಶಸ್ತ್ರಚಿಕಿತ್ಸೆಗಾಗಿ ರೋಗಿಗೆ ಅರಿವಳಿಕೆ ನೀಡಿದ ಕ್ಷಣದಿಂದ ಆತನ ಉಸಿರಾಟ, ರಕ್ತದೊತ್ತಡ, ದೇಹದ ಉಷ್ಣತೆ ಇವೆಲ್ಲವೂ ಮತ್ತೊಬ್ಬರ ಹೊಣೆಯಾಗುತ್ತವೆ. ಸ್ನಾಯುಗಳನ್ನು ಸಡಿಲಗೊಳಿಸುವ ಔಷಧವನ್ನೂ ಕೊಟ್ಟಿದ್ದಲ್ಲಿ ರೋಗಿಯು ಸ್ವತಃ ಉಸಿರಾಡಲಾರ, ಕೈ ಎತ್ತಿ ಸನ್ನೆ ಮಾಡಲಾರ, ತನಗೆ ಏನಾಗುತ್ತಿದೆ ಎಂದು ಹೇಳಲಾರ. ಕನ್ನಡದ ‘ಅರಿವಳಿಕೆ’ ಎಂಬ ಪದವು ಅರಿವು ಅಳಿಯುವುದನ್ನಷ್ಟೇ ಸೂಚಿಸುತ್ತದೆ. ಅಳಿದ ಅರಿವನ್ನು ಸುರಕ್ಷಿತವಾಗಿ ಮರಳಿ ತರುವುದು ಈ ವೃತ್ತಿಯ ಹೆಚ್ಚು ಕಠಿಣವಾದ ಭಾಗ. ಭಾರತದಲ್ಲಿ ಈ ಕಾರ್ಯವನ್ನು ನಿರ್ವಹಿಸುವವರು ಅರಿವಳಿಕೆ ಶಾಸ್ತ್ರದಲ್ಲಿ ಸ್ನಾತಕೋತ್ತರ ಅರ್ಹತೆ ಪಡೆದ ವೈದ್ಯರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಾದರೋ, ವೈದ್ಯರ ಜೊತೆಗೆ ವಿಶೇಷ ಶಿಕ್ಷಣ ಪಡೆದ ನರ್ಸ್‌ಗಳೂ ಒಂದು ಶತಮಾನಕ್ಕಿಂತ ಹೆಚ್ಚು ಕಾಲದಿಂದ ಅರಿವಳಿಕೆ ನೀಡುತ್ತ ಬಂದಿದ್ದಾರೆ. ಕೆಲವು ರಾಜ್ಯಗಳಲ್ಲಿ ಅವರು ಸ್ವತಂತ್ರವಾಗಿಯೂ ಕೆಲವು ರಾಜ್ಯಗಳಲ್ಲಿ ವೈದ್ಯರ ಮೇಲ್ವಿಚಾರಣೆಯಲ್ಲಿಯೂ ಕೆಲಸ ಮಾಡುತ್ತಾರೆ.

ವಿದೇಶದಲ್ಲಿ ಉದ್ಯೋಗ ಬಯಸುವ ನಮ್ಮ ನರ್ಸ್‌ಗಳಿಗೂ ಅವರ ಕುಟುಂಬದವರಿಗೂ ಈ ವೃತ್ತಿ ಆಕರ್ಷಕವಾಗಿ ಕಾಣುವುದು ಸಹಜ. ಅಮೆರಿಕದಲ್ಲಿ ಅರಿವಳಿಕೆ ನರ್ಸ್‌ಗಳ ವಾರ್ಷಿಕ ವೇತನದ ಮಧ್ಯಾಂಕವು 2 ಲಕ್ಷ ಡಾಲರುಗಳನ್ನು ಮೀರಿದೆ ಎಂದು ಅಲ್ಲಿನ ಕಾರ್ಮಿಕ ಅಂಕಿ ಅಂಶಗಳ ಬ್ಯೂರೊ 2023ರ ಲೆಕ್ಕದಲ್ಲಿ ತೋರಿಸಿದೆ. ಆದರೆ ಈ ಶಾಲೆಗಳ ಬಾಗಿಲು ತಲುಪುವ ಮೊದಲೇ ಓದಿ ಮುಗಿಸಬೇಕಾದ ಕೆಲವು ವಿಷಯಗಳಿವೆ. ಯಾವುದನ್ನು, ಯಾವ ಕ್ರಮದಲ್ಲಿ, ಎಲ್ಲಿ ಓದಬೇಕೆಂಬ ಆಯ್ಕೆಯಲ್ಲಿ ಎಡವಿದವರು ಹಣವನ್ನೂ ಒಂದೆರಡು ವರ್ಷಗಳನ್ನೂ ಕಳೆದುಕೊಳ್ಳುವ ಸಂಭವವಿದೆ.

ವೃತ್ತಿಯ ಹಿನ್ನೆಲೆ

1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆಯಿತು. ಅನಂತರದ ದಶಕಗಳಲ್ಲಿ ಈಥರ್ ನೀಡುವ ಕೆಲಸವನ್ನು ಯಾರಿಗೆ ದೊರೆತರೆ ಅವರಿಗೆ, ಬಹುಮಟ್ಟಿಗೆ ಕಿರಿಯ ವೈದ್ಯರಿಗೆ, ಒಪ್ಪಿಸಲಾಗುತ್ತಿತ್ತು. ಅವರ ಗಮನವೆಲ್ಲ ಶಸ್ತ್ರಚಿಕಿತ್ಸೆಯನ್ನು ನೋಡಿ ಕಲಿಯುವುದರ ಕಡೆಗೇ ಇರುತ್ತಿದ್ದುದರಿಂದ, ರೋಗಿಯ ಮುಖದ ಮೇಲೆಯೇ ಕಣ್ಣಿಟ್ಟು ಕೂರಬಲ್ಲ ನರ್ಸ್‌ಗಳನ್ನು ಶಸ್ತ್ರವೈದ್ಯರು ಹುಡುಕತೊಡಗಿದರು. ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ಮೇಯೊ ಸಹೋದರರೊಡನೆ ಕೆಲಸ ಮಾಡಿದ ಆಲಿಸ್ ಮಗಾವ್, ತಾವು ನೀಡಿದ 14,000ಕ್ಕೂ ಹೆಚ್ಚು ಅರಿವಳಿಕೆಗಳಲ್ಲಿ ಅರಿವಳಿಕೆಯ ಕಾರಣದಿಂದ ಒಂದೂ ಸಾವು ಸಂಭವಿಸಲಿಲ್ಲವೆಂದು 1906ರಲ್ಲಿ ವರದಿ ಮಾಡಿದರು. ಆ ಕಾಲದ ಉಪಕರಣಗಳನ್ನು ನೆನೆದರೆ ಇದು ಅಸಾಧಾರಣ ಸಾಧನೆ. 1931ರಲ್ಲಿ ಅಗಾಥ ಹಾಡ್ಜಿನ್ಸ್ ಅವರ ಮುಂದಾಳತನದಲ್ಲಿ ಅರಿವಳಿಕೆ ನರ್ಸ್‌ಗಳ ರಾಷ್ಟ್ರೀಯ ಸಂಘ ಸ್ಥಾಪನೆಗೊಂಡಿತು. 1945ರಲ್ಲಿ ಮೊದಲ ಅರ್ಹತಾ ಪರೀಕ್ಷೆ ನಡೆಯಿತು.

ಶಿಕ್ಷಣದ ಮಟ್ಟವೂ ಹಂತಹಂತವಾಗಿ ಏರಿದೆ. 1998ರ ವೇಳೆಗೆ ಎಲ್ಲ ಶಾಲೆಗಳೂ ಸ್ನಾತಕೋತ್ತರ ಮಟ್ಟಕ್ಕೆ ಬಂದವು. 2022ರ ಜನವರಿ 1ರಿಂದ ಪ್ರವೇಶ ಪಡೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಡಾಕ್ಟರೇಟ್ ಮಟ್ಟದ ವ್ಯಾಸಂಗಕ್ಕೇ ಸೇರಬೇಕೆಂಬ ನಿಯಮವನ್ನು ಮಾನ್ಯತಾ ಮಂಡಳಿ ಜಾರಿಗೆ ತಂದಿದೆ. ವ್ಯಾಸಂಗದ ಅವಧಿ ಕನಿಷ್ಠ 36 ತಿಂಗಳು. ಈ ಅವಧಿಯಲ್ಲಿ ವಿದ್ಯಾರ್ಥಿಯು ಕನಿಷ್ಠ 600 ರೋಗಿಗಳಿಗೆ ಅರಿವಳಿಕೆ ನೀಡುವುದರಲ್ಲಿ ಪಾಲ್ಗೊಳ್ಳಬೇಕು. ವ್ಯಾಸಂಗ ಮುಗಿದ ಮೇಲೆ ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಮಾತ್ರ ಸಿ.ಆರ್.ಎನ್.ಎ. ಎಂಬ ಬಿರುದು ದೊರೆಯುತ್ತದೆ. ಶಾಲೆಯ ಓದು ಹಾಗೂ ತರಬೇತಿ ಎಷ್ಟು ಒತ್ತಡದ್ದೆಂದರೆ, ವ್ಯಾಸಂಗದ ಕಾಲದಲ್ಲಿ ಉದ್ಯೋಗ ಮಾಡಕೂಡದೆಂದು ಬಹುತೇಕ ಶಾಲೆಗಳು ಸ್ಪಷ್ಟವಾಗಿಯೇ ಸೂಚಿಸುತ್ತವೆ. ಅಂದರೆ ಮೂರು ವರ್ಷಗಳ ಕಾಲ ಸಂಬಳವಿಲ್ಲ, ಶುಲ್ಕದ ಹೊರೆ ಮಾತ್ರ ಇದೆ. ಪೂರ್ವಸಿದ್ಧತಾ ವಿಷಯಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ತನಗೆ ರಸಾಯನಶಾಸ್ತ್ರ ಒಗ್ಗುವುದಿಲ್ಲ ಎಂಬುದನ್ನು ಸಾಲ ಮಾಡಿ ಶಾಲೆ ಸೇರಿದ ಮೇಲೆ ತಿಳಿಯುವುದಕ್ಕಿಂತ, ನಾಲ್ಕು ತಿಂಗಳ ಒಂದು ಪ್ರತ್ಯೇಕ ಪಾಠದಲ್ಲಿ ತಿಳಿಯುವುದು ಎಷ್ಟೋ ಅಗ್ಗ.

ಎಲ್ಲರಿಗೂ ಸಮಾನವಾದ ಅರ್ಹತೆಗಳು

ಶಾಲೆ ಯಾವುದೇ ಇರಲಿ, ಮೂರು ಅರ್ಹತೆಗಳಿಲ್ಲದೆ ಅರ್ಜಿ ಮುಂದೆ ಸಾಗದು. ಮೊದಲನೆಯದು, ನರ್ಸಿಂಗ್‌ನಲ್ಲಿ ಅಥವಾ ಶಾಲೆಯು ಒಪ್ಪುವ ಸಂಬಂಧಿತ ವಿಷಯದಲ್ಲಿ ಪದವಿ. ಎರಡನೆಯದು, ಅಮೆರಿಕದ ನೋಂದಾಯಿತ ನರ್ಸ್ ಎಂಬ ಪರವಾನಗಿ. ಮೂರನೆಯದು, ತೀವ್ರ ನಿಗಾ ಘಟಕದಲ್ಲಿ ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಸೇವೆ. ಕೃತಕ ಉಸಿರಾಟದ ಯಂತ್ರ, ರಕ್ತನಾಳದೊಳಗೆ ಇರಿಸುವ ಒತ್ತಡ ಮಾಪಕಗಳು, ನಿಮಿಷನಿಮಿಷಕ್ಕೂ ಪ್ರಮಾಣ ಬದಲಿಸಬೇಕಾದ ಹೃದಯದ ಔಷಧಗಳು, ಇವುಗಳ ನಡುವೆ ದುಡಿದ ಅನುಭವವನ್ನೇ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಒಂದು ವರ್ಷ ಎಂಬುದು ಕನಿಷ್ಠ ಮಿತಿ. ಪೈಪೋಟಿ ಹೆಚ್ಚಿರುವ ಶಾಲೆಗಳಲ್ಲಿ ಆಯ್ಕೆಯಾಗುವವರ ಸೇವೆ ಇದಕ್ಕಿಂತ ಹೆಚ್ಚಾಗಿರುವುದೇ ವಾಡಿಕೆ. ತೀವ್ರ ನಿಗಾ ಶುಶ್ರೂಷೆಯಲ್ಲಿ ಸಿ.ಸಿ.ಆರ್.ಎನ್. ಎಂಬ ಪ್ರಮಾಣಪತ್ರವನ್ನು ಪಡೆದಿರಬೇಕೆಂದು ಹಲವು ಶಾಲೆಗಳು ಕೇಳುತ್ತವೆ ಅಥವಾ ಅಂಥವರಿಗೆ ಆದ್ಯತೆ ನೀಡುತ್ತವೆ.

ಪದವಿಯ ಅಂಕಗಳನ್ನು ಅಲ್ಲಿ ನಾಲ್ಕರ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ 3.0 ಕನಿಷ್ಠ. ಅನೇಕ ಶಾಲೆಗಳು ವಿಜ್ಞಾನ ವಿಷಯಗಳ ಸರಾಸರಿಯನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತವೆ. ಒಟ್ಟಾರೆ ಅಂಕ ಚೆನ್ನಾಗಿದ್ದು ವಿಜ್ಞಾನದಲ್ಲಿ ಹಿಂದೆ ಬಿದ್ದ ಅಭ್ಯರ್ಥಿಗೆ ಪೂರ್ವಸಿದ್ಧತಾ ವಿಷಯಗಳ ಅಗತ್ಯ ಹೆಚ್ಚಾಗುವುದು ಈ ಕಾರಣದಿಂದಲೇ.

ಯಾವ ವಿಷಯಗಳು, ಏಕೆ?

ಶಾಲೆಗಳು ಕೇಳುವ ವಿಷಯಗಳ ಪಟ್ಟಿ ಒಂದೇ ಬಗೆಯದಲ್ಲ. ಆದರೂ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಇವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಸಾವಯವ ರಸಾಯನ ಅಥವಾ ಜೀವರಸಾಯನ, ಭೌತಶಾಸ್ತ್ರ, ಔಷಧಶಾಸ್ತ್ರ ಇವುಗಳನ್ನು ಕೆಲವು ಶಾಲೆಗಳು ಕಡ್ಡಾಯವೆನ್ನುತ್ತವೆ, ಕೆಲವು ಅಪೇಕ್ಷಣೀಯವೆನ್ನುತ್ತವೆ. ನರ್ಸಿಂಗ್ ಓದಿದವರಿಗೆ ಅಂಗರಚನೆ, ಸೂಕ್ಷ್ಮಜೀವಿಗಳ ಪರಿಚಯ ಇದ್ದೇ ಇರುತ್ತದೆ. ಹಿಂಜರಿಕೆ ಹುಟ್ಟಿಸುವುದು ರಸಾಯನ ಮತ್ತು ಭೌತಶಾಸ್ತ್ರಗಳೇ. ರೋಗಿಯ ಶುಶ್ರೂಷೆಗೆ ಬಾಯ್ಲನ ನಿಯಮ ಏಕೆ ಬೇಕು ಎಂಬ ಪ್ರಶ್ನೆ ಇವರಲ್ಲಿ ಏಳುವುದುಂಟು. ಈ ಪ್ರಶ್ನೆಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೇ ಉತ್ತರವಿದೆ.

ರೋಗಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಬಳಸುವ ಚಿಕ್ಕ ಆಮ್ಲಜನಕದ ಸಿಲಿಂಡರನ್ನು ತೆಗೆದುಕೊಳ್ಳೋಣ. ತುಂಬಿದಾಗ ಇದರಲ್ಲಿ ಸುಮಾರು 660 ಲೀಟರ್ ಅನಿಲವಿರುತ್ತದೆ. ಒತ್ತಡವು ಚದರ ಅಂಗುಲಕ್ಕೆ ಸುಮಾರು 1900 ಪೌಂಡ್. ಮಾಪಕದ ಮುಳ್ಳು 950ಕ್ಕೆ ಇಳಿದಿದ್ದರೆ ಉಳಿದಿರುವುದು ಅರ್ಧ, ಅಂದರೆ 330 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ ಹರಿಸಿದರೆ ಅದು 66 ನಿಮಿಷ ಬರುತ್ತದೆ. ಇದು ಬಾಯ್ಲನ ನಿಯಮದ ಸರಳ ಲೆಕ್ಕ. ಇದೇ ಲೆಕ್ಕವನ್ನು ನೈಟ್ರಸ್ ಆಕ್ಸೈಡ್ ಸಿಲಿಂಡರಿಗೆ ಅನ್ವಯಿಸಿದರೆ ತಪ್ಪಾಗುತ್ತದೆ. ಅದರೊಳಗೆ ಅನಿಲದ ಜೊತೆಗೆ ದ್ರವವೂ ಇರುವುದರಿಂದ, ದ್ರವ ಮುಗಿಯುವವರೆಗೂ ಒತ್ತಡವು ಸುಮಾರು 745 ಪೌಂಡಿನಲ್ಲೇ ನಿಂತಿರುತ್ತದೆ. ಸಿಲಿಂಡರು ಬಹುಪಾಲು ಬರಿದಾಗಿದ್ದರೂ ಮುಳ್ಳು ಕದಲುವುದಿಲ್ಲ. ದ್ರವ ಮತ್ತು ಅನಿಲಗಳ ಸಮತೋಲವನ್ನು ಅರಿಯದವರು ಮಾಪಕವನ್ನು ನಂಬಿ ಮೋಸಹೋಗುತ್ತಾರೆ.

ಅನಿಲಗಳು ದ್ರವದಲ್ಲಿ ಕರಗುವ ಬಗೆಯನ್ನು ಹೇಳುವ ಹೆನ್ರಿಯ ನಿಯಮವೂ ಇಂಥದೇ. ರಕ್ತದಲ್ಲಿ ಹೆಚ್ಚಾಗಿ ಕರಗುವ ಅರಿವಳಿಕೆ ಅನಿಲವು ರೋಗಿಯನ್ನು ಬೇಗ ಮಲಗಿಸುತ್ತದೆಂದು ಮೇಲ್ನೋಟಕ್ಕೆ ತೋರುತ್ತದೆ. ವಾಸ್ತವ ಇದಕ್ಕೆ ವಿರುದ್ಧ. ರಕ್ತವು ಅನಿಲವನ್ನು ಹೀರಿಕೊಳ್ಳುತ್ತಲೇ ಇರುವಷ್ಟು ಕಾಲ ಶ್ವಾಸಕೋಶದಲ್ಲಿಯೂ ಮಿದುಳಿನಲ್ಲಿಯೂ ಅದರ ಆಂಶಿಕ ಒತ್ತಡ ಏರುವುದು ನಿಧಾನವಾಗುತ್ತದೆ. ರಕ್ತದಲ್ಲಿ ಕರಗುವ ಗುಣಾಂಕವು ಹಳೆಯ ಹ್ಯಾಲೋಥೇನ್‌ಗೆ ಸುಮಾರು 2.4, ಸೆವೊಫ್ಲುರೇನ್‌ಗೆ ಸುಮಾರು 0.65, ಡೆಸ್‌ಫ್ಲುರೇನ್‌ಗೆ ಸುಮಾರು 0.42. ಆದುದರಿಂದಲೇ ಕೊನೆಯ ಎರಡರಲ್ಲಿ ರೋಗಿ ಬೇಗ ಮಲಗುತ್ತಾನೆ, ಬೇಗ ಎಚ್ಚರಗೊಳ್ಳುತ್ತಾನೆ. ಡೆಸ್‌ಫ್ಲುರೇನ್ ಸುಮಾರು 23 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವುದರಿಂದ ಅದಕ್ಕೆ ಸಾಮಾನ್ಯ ಆವಿಕಾರಕ ಸಾಲದು. ಬಿಸಿ ಮಾಡಿ ಒತ್ತಡವನ್ನು ಸ್ಥಿರವಾಗಿಡುವ ವಿಶೇಷ ಉಪಕರಣವೇ ಬೇಕು. ಇವನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಗೆಲ್ಲಬಹುದೇನೋ. ಆದರೆ ರೋಗಿಯು ನಿರೀಕ್ಷಿಸಿದ ಹೊತ್ತಿಗೆ ಎಚ್ಚರಗೊಳ್ಳದೆ ಹೋದಾಗ ಬಾಯಿಪಾಠ ನೆರವಿಗೆ ಬರುವುದಿಲ್ಲ.

ರಸಾಯನಶಾಸ್ತ್ರದ ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠವು ಮತ್ತೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಕೀವು ಕಟ್ಟಿದ ಜಾಗದಲ್ಲಿ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು ಸರಿಯಾಗಿ ಕೆಲಸ ಮಾಡದಿರುವುದನ್ನು ಹಲ್ಲು ಕೀಳಿಸಿಕೊಂಡ ಅನೇಕರು ಅನುಭವದಿಂದ ಬಲ್ಲರು. ಸೋಂಕು ತಗುಲಿದ ಅಂಗಾಂಶ ಆಮ್ಲೀಯವಾಗಿರುತ್ತದೆ. ಅಲ್ಲಿ ಔಷಧದ ಹೆಚ್ಚಿನ ಭಾಗ ವಿದ್ಯುದಾವೇಶ ಹೊಂದಿದ ಅಯಾನುಗಳ ರೂಪದಲ್ಲಿ ಉಳಿದುಬಿಡುವುದರಿಂದ ಅದು ನರದ ಪೊರೆಯನ್ನು ದಾಟಲಾರದು. ಭೌತಶಾಸ್ತ್ರದ ಪ್ವಾಸೆಯ್ ನಿಯಮದಂತೆ, ಕೊಳವೆಯ ತ್ರಿಜ್ಯ ಅರ್ಧಕ್ಕೆ ಇಳಿದರೆ ಅದರ ಮೂಲಕ ಹರಿಯುವ ದ್ರವದ ಪ್ರಮಾಣ ಹದಿನಾರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ರಕ್ತಸ್ರಾವದಲ್ಲಿರುವ ರೋಗಿಗೆ ದಪ್ಪನೆಯ, ಗಿಡ್ಡನೆಯ ಸೂಜಿಕೊಳವೆಯನ್ನೇ ಏಕೆ ಹಾಕಬೇಕು ಎಂಬುದಕ್ಕೆ ಬೇರೆ ಸಮರ್ಥನೆ ಬೇಡ.

ಸಂಖ್ಯಾಶಾಸ್ತ್ರದ ಉಪಯೋಗ ಕೊಠಡಿಯೊಳಗೆ ಕಣ್ಣಿಗೆ ಬೀಳುವುದಿಲ್ಲ. ಡಾಕ್ಟರೇಟ್ ಮಟ್ಟದಲ್ಲಿ ಸಂಶೋಧನ ಪ್ರಬಂಧಗಳನ್ನು ಓದಿ ತೂಗಿ ನೋಡಬೇಕಾದುದರಿಂದ ಅದನ್ನು ಬಿಡುವಂತಿಲ್ಲ. ಪರಿಶ್ರಮಪಟ್ಟರೆ ಒಳ್ಳೆಯ ಅಂಕ ತರುವ ವಿಷಯವೂ ಹೌದು.

ಭಾರತದಲ್ಲಿ ಓದಿದವರಿಗೆ ಎದುರಾಗುವ ಕೊರತೆ

ಇಲ್ಲಿಯ ಬಿ.ಎಸ್ಸಿ. ನರ್ಸಿಂಗ್ ಪದವೀಧರರು ತಮ್ಮ ಅಂಕಪಟ್ಟಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿಕೊಳ್ಳುವುದು ಒಳಿತು. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಅದರಲ್ಲಿ ಇರುತ್ತವೆ. ಜೀವರಸಾಯನವು ಪೋಷಣಶಾಸ್ತ್ರದ ಜೊತೆಗೂ, ಸಂಖ್ಯಾಶಾಸ್ತ್ರವು ನರ್ಸಿಂಗ್ ಸಂಶೋಧನೆಯ ಜೊತೆಗೂ ಸೇರಿಕೊಂಡಿರುತ್ತದೆ. ಸಾಮಾನ್ಯ ರಸಾಯನ ಹಾಗೂ ಭೌತಶಾಸ್ತ್ರಗಳನ್ನು ಓದಿರುವುದು ಪಿ.ಯು.ಸಿ. ಅಥವಾ ಹನ್ನೆರಡನೆಯ ತರಗತಿಯಲ್ಲಿ. ಅಮೆರಿಕದ ಲೆಕ್ಕದಲ್ಲಿ ಅದು ಪ್ರೌಢಶಾಲೆಯ ಮಟ್ಟ. ಕಾಲೇಜಿನ ರಸಾಯನಶಾಸ್ತ್ರವೆಂದು ಪರಿಗಣಿತವಾಗುವುದಿಲ್ಲ. ಪಿ.ಯು.ಸಿ.ಯಲ್ಲಿ ನೂರಕ್ಕೆ ತೊಂಬತ್ತು ಅಂಕ ಗಳಿಸಿದ್ದವರಿಗೂ ಇದು ಅನ್ವಯಿಸುತ್ತದೆ. ಇಲ್ಲಿಯ ಪದವೀಧರರಿಗೆ ಸಾಮಾನ್ಯವಾಗಿ ಕೊರತೆ ಬೀಳುವುದು ಪ್ರಯೋಗಾಲಯ ಸಹಿತವಾದ ಸಾಮಾನ್ಯ ರಸಾಯನ, ಪ್ರತ್ಯೇಕ ಸಂಖ್ಯಾಶಾಸ್ತ್ರ, ಕೆಲವೊಮ್ಮೆ ಭೌತಶಾಸ್ತ್ರ. ಜಿ.ಎನ್.ಎಂ. ಡಿಪ್ಲೊಮಾ ಪಡೆದವರು ಮೊದಲು ಪದವಿಯನ್ನು ಪೂರೈಸಿಕೊಳ್ಳಬೇಕಾಗುತ್ತದೆ.

ವಿದೇಶಿ ಅಂಕಪಟ್ಟಿಗಳನ್ನು ಶಾಲೆಗಳು ನೇರವಾಗಿ ಒಪ್ಪುವುದಿಲ್ಲ; ಮೌಲ್ಯಮಾಪನ ಸಂಸ್ಥೆಯೊಂದರ ವರದಿಯನ್ನು ಕೇಳುತ್ತವೆ. ನರ್ಸ್‌ಗಳ ವಿಷಯದಲ್ಲಿ 1977ರಿಂದ ಈ ಕೆಲಸ ಮಾಡುತ್ತಿರುವ ಸಿ.ಜಿ.ಎಫ್.ಎನ್.ಎಸ್. ಸಂಸ್ಥೆಯು 2025ರಲ್ಲಿ ಟ್ರೂಮೆರಿಟ್ ಎಂಬ ಹೊಸ ಹೆಸರನ್ನು ಪಡೆದಿದೆ. ಪ್ರತಿ ವಿಷಯವನ್ನೂ ಬೇರೆ ಬೇರೆಯಾಗಿ ತೋರಿಸುವ ವಿವರವಾದ ವರದಿಯನ್ನೇ ತರಿಸಿಕೊಳ್ಳಬೇಕು. ವಿಷಯವಾರು ಪಾಠದ ಗಂಟೆಗಳನ್ನು ನಮೂದಿಸಿದ ಪಠ್ಯಕ್ರಮದ ಪ್ರತಿಯನ್ನು ಓದಿದ ಕಾಲೇಜಿನಿಂದಲೋ ವಿಶ್ವವಿದ್ಯಾಲಯದಿಂದಲೋ ದೃಢೀಕರಿಸಿ ಪಡೆದಿಟ್ಟುಕೊಂಡರೆ ಮುಂದೆ ವಾದಕ್ಕೆ ಆಧಾರವಾಗುತ್ತದೆ. ಮುಂಬಯಿ ಅಥವಾ ದೆಹಲಿಯಲ್ಲಿ ಉದ್ಯೋಗದಲ್ಲಿದ್ದು ಕರ್ನಾಟಕದ ಕಾಲೇಜಿನಲ್ಲಿ ಓದಿದವರು ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿಕೊಳ್ಳಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅವಶ್ಯ. ಭಾರತದಲ್ಲಿ ‘ಅರಿವಳಿಕೆ ತಂತ್ರಜ್ಞಾನ’ ಎಂಬ ಹೆಸರಿನಲ್ಲಿ ಬಿ.ಎಸ್ಸಿ. ಪದವಿ ಇದೆ. ಉಪಕರಣಗಳ ಸಿದ್ಧತೆ, ವೈದ್ಯರಿಗೆ ನೆರವು ಮೊದಲಾದ ಕಾರ್ಯಗಳಿಗೆ ಇದು ಉಪಯುಕ್ತವಾದ ಶಿಕ್ಷಣ. 2021ರ ರಾಷ್ಟ್ರೀಯ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಅಧಿನಿಯಮದ ವ್ಯಾಪ್ತಿಯಲ್ಲಿ ಬರುವ ವೃತ್ತಿ. ಆದರೆ ಅದು ನರ್ಸಿಂಗ್ ಪದವಿಯಲ್ಲ. ಅದನ್ನು ಓದಿದವರು ಅಮೆರಿಕದ ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆಗೆ ಕೂರಲಾರರು. ಆದುದರಿಂದ ಅರಿವಳಿಕೆ ನರ್ಸ್ ಶಾಲೆಗೂ ಅರ್ಜಿ ಹಾಕಲಾರರು. ಹದಿನೇಳು ಹದಿನೆಂಟು ವರ್ಷದ ಮಕ್ಕಳಿಗೆ ವ್ಯಾಸಂಗವನ್ನು ಆರಿಸುವ ತಂದೆತಾಯಿಗಳು, ಎರಡರ ಹೆಸರಿನಲ್ಲಿಯೂ ಅರಿವಳಿಕೆ ಎಂಬ ಮಾತಿದೆ ಎಂಬ ಕಾರಣಕ್ಕೆ ಒಂದನ್ನು ಇನ್ನೊಂದೆಂದು ಭಾವಿಸಬಾರದು. ಹಾಗೆಯೇ, ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿರುವ ತೀವ್ರ ನಿಗಾ ನರ್ಸ್ ಪ್ರಾಕ್ಟಿಷನರ್ ಎಂಬ ಸ್ನಾತಕೋತ್ತರ ವ್ಯಾಸಂಗವು ಗಂಭೀರ ಸ್ಥಿತಿಯ ರೋಗಿಗಳ ಆರೈಕೆಗೆ ಸಂಬಂಧಿಸಿದ್ದು. ಜ್ಞಾನದ ದೃಷ್ಟಿಯಿಂದ ಅದು ಉತ್ತಮ ತಳಹದಿಯೇ ಹೌದು. ಅರಿವಳಿಕೆ ನೀಡುವ ಅಧಿಕಾರವನ್ನು ಅದು ಕೊಡುವುದಿಲ್ಲ.

ಶಾಲೆಯ ಪಟ್ಟಿ ಮೊದಲು, ಪಾಠದ ಶುಲ್ಕ ಆಮೇಲೆ

ಯಾವುದಾದರೂ ಪಾಠಕ್ಕೆ ಹಣ ಕಟ್ಟುವ ಮುನ್ನ ತಾನು ಅರ್ಜಿ ಹಾಕಲಿರುವ ನಾಲ್ಕೈದು ಶಾಲೆಗಳನ್ನು ಗುರುತಿಸಿಕೊಳ್ಳಬೇಕು. ಮಾನ್ಯತಾ ಮಂಡಳಿಯ ಅಧಿಕೃತ ಪಟ್ಟಿಯಲ್ಲಿ ಶಾಲೆಯ ಹೆಸರು ಇದೆಯೇ ಎಂದು ಮೊದಲು ನೋಡಬೇಕು. ಅನಂತರ ಪ್ರತಿಯೊಂದು ಶಾಲೆಯೂ ಕೇಳುವ ವಿಷಯಗಳನ್ನು ಒಂದು ಹಾಳೆಯಲ್ಲಿ ಎದುರುಬದುರಾಗಿ ಬರೆದುಕೊಳ್ಳಬೇಕು.

ಪದವಿ ಪಡೆದು ಒಂಬತ್ತು ವರ್ಷಗಳಾಗಿ, ಅಮೆರಿಕದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿರುವ ಒಬ್ಬ ನರ್ಸ್‌ರನ್ನು ಕಲ್ಪಿಸಿಕೊಳ್ಳೋಣ. ಆಕೆ ಆರಿಸಿಕೊಂಡ ಐದು ಶಾಲೆಗಳಲ್ಲಿ ನಾಲ್ಕು ಸಂಖ್ಯಾಶಾಸ್ತ್ರವನ್ನೂ, ನಾಲ್ಕು ಸಾಮಾನ್ಯ ರಸಾಯನವನ್ನೂ, ಎರಡು ಜೀವರಸಾಯನವನ್ನೂ, ಒಂದು ಭೌತಶಾಸ್ತ್ರವನ್ನೂ ಕೇಳುತ್ತವೆ. ಎರಡು ಶಾಲೆಗಳು ವಿಜ್ಞಾನ ವಿಷಯಗಳನ್ನು ಹತ್ತು ವರ್ಷಗಳೊಳಗೆ ಓದಿರಬೇಕೆನ್ನುತ್ತವೆ. ಆಕೆ ಮೊದಲು ತೆಗೆದುಕೊಳ್ಳಬೇಕಾದುದು ಸಂಖ್ಯಾಶಾಸ್ತ್ರ ಮತ್ತು ರಸಾಯನ, ಏಕೆಂದರೆ ಅವು ಹೆಚ್ಚು ಶಾಲೆಗಳ ಬಾಗಿಲು ತೆರೆಯುತ್ತವೆ. ಜೀವರಸಾಯನಕ್ಕೆ ಸಾಮಾನ್ಯ ರಸಾಯನವೇ ತಳಪಾಯವಾದುದರಿಂದ ಅದು ಅನಂತರದ್ದು. ಒಂದೇ ಶಾಲೆ ಕೇಳುವ ಭೌತಶಾಸ್ತ್ರವನ್ನು ಕೊನೆಗೆ ಇಟ್ಟುಕೊಳ್ಳಬಹುದು. ಆ ಶಾಲೆಯೇ ಆಕೆಯ ಮೊದಲ ಆಯ್ಕೆಯಾಗಿದ್ದರೆ ಮಾತ್ರ ಕ್ರಮ ಬದಲಾಗುತ್ತದೆ. ಆಕೆಯ ಅಂಗರಚನೆ, ಶರೀರಕ್ರಿಯಾಶಾಸ್ತ್ರಗಳಿಗೆ ಈಗಾಗಲೇ ಹತ್ತು ವರ್ಷ ಮೀರಿರುತ್ತದೆ. ಪದವಿಯ ಕೊನೆಯ ವರ್ಷಕ್ಕಿಂತ ಮೊದಲನೆಯ ವರ್ಷದಲ್ಲಿ ಓದಿದ ವಿಷಯಗಳವು ಎಂಬುದನ್ನು ಮರೆಯಬಾರದು. ಅಂತಹ ಸಂದರ್ಭದಲ್ಲಿ ಹಳೆಯ ಪಾಠವನ್ನೇ ಮತ್ತೆ ಓದುವ ಬದಲು ಉನ್ನತ ಶರೀರಕ್ರಿಯಾಶಾಸ್ತ್ರ ಅಥವಾ ಉನ್ನತ ರೋಗಕ್ರಿಯಾಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಿದರೆ ಒಪ್ಪುತ್ತೀರಾ ಎಂದು ಶಾಲೆಯನ್ನು ಕೇಳಬೇಕು.

ಹಳೆಯ ವಿಷಯವನ್ನು ಪುನಃ ಓದುವುದೋ, ಮೇಲಿನ ಹಂತದ ಹೊಸ ವಿಷಯವನ್ನು ಓದುವುದೋ ಎಂಬುದು ಅನೇಕರನ್ನು ಕಾಡುವ ಪ್ರಶ್ನೆ. ಕಡ್ಡಾಯ ವಿಷಯದಲ್ಲಿ ‘ಬಿ’ ಶ್ರೇಣಿಗಿಂತ ಕಡಿಮೆ ಬಂದಿದ್ದರೆ ಪುನಃ ಓದುವುದೇ ಸರಿ, ಏಕೆಂದರೆ ‘ಸಿ’ ಶ್ರೇಣಿಯನ್ನು ಹಲವು ಶಾಲೆಗಳು ಅಂಗೀಕರಿಸುವುದಿಲ್ಲ. ‘ಬಿ’ ಬಂದಿದ್ದರೆ ಅದನ್ನು ‘ಎ’ ಮಾಡಿಕೊಳ್ಳಲು ಹಣ ವ್ಯಯಿಸುವುದಕ್ಕಿಂತ ಮೇಲಿನ ಹಂತದ ಒಂದು ವಿಷಯದಲ್ಲಿ ‘ಎ’ ಪಡೆಯುವುದು ಹೆಚ್ಚು ಪ್ರಯೋಜನಕರ. ಆಯ್ಕೆ ಸಮಿತಿಗೆ ಬೇಕಾದುದು ಅಭ್ಯರ್ಥಿ ಇಂದು ಉನ್ನತ ವ್ಯಾಸಂಗವನ್ನು ತಾಳಿಕೊಳ್ಳಬಲ್ಲರೇ ಎಂಬುದರ ಸಾಕ್ಷ್ಯ. ಪುನಃ ಓದಿದಾಗ ಕೆಲವು ಶಾಲೆಗಳು ಹೊಸ ಅಂಕವನ್ನೇ ಪರಿಗಣಿಸುತ್ತವೆ, ಕೆಲವು ಎರಡರ ಸರಾಸರಿ ತೆಗೆಯುತ್ತವೆ. ಇದನ್ನೂ ಮೊದಲೇ ತಿಳಿದಿರಬೇಕು. ಸ್ನಾತಕೋತ್ತರ ಮಟ್ಟದಲ್ಲಿ ಓದಿದ್ದನ್ನು ಶಾಲೆ ಸೇರಿದ ಮೇಲೆ ಮತ್ತೆ ಓದಬೇಕಾಗಿಲ್ಲವೆಂದು ಭಾವಿಸುವುದು ಮಾತ್ರ ಸಲ್ಲದು. ಬಹಳ ಕಡೆ ಎಲ್ಲರೂ ಎಲ್ಲವನ್ನೂ ಓದಲೇಬೇಕು. ಆದರೆ ಎರಡನೆಯ ಸಲ ಓದುವಾಗ ಹೊರೆ ಹಗುರವಾಗುತ್ತದೆಂಬುದು ನಿಜ.

ಎಲ್ಲಿ ಓದಬೇಕು?

ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಶುಲ್ಕ ವಿಶ್ವವಿದ್ಯಾಲಯಗಳಿಗಿಂತ ಕಡಿಮೆ. ಸಾಮಾನ್ಯ ರಸಾಯನ, ಸಂಖ್ಯಾಶಾಸ್ತ್ರಗಳಿಗೆ ಇವು ಸಾಕು. ಪೈಪೋಟಿಯ ಕೆಲವು ಶಾಲೆಗಳು ನಾಲ್ಕು ವರ್ಷದ ಪದವಿ ನೀಡುವ ಸಂಸ್ಥೆಯಲ್ಲಿ ಓದಿರುವುದನ್ನು ಮೆಚ್ಚುತ್ತವೆ. ದೂರಶಿಕ್ಷಣದ ಮೂಲಕ ಓದುವವರು, ಪ್ರಯೋಗಾಲಯದ ಭಾಗವನ್ನು ಮನೆಯಲ್ಲಿ ಮಾಡಿದರೆ ಶಾಲೆ ಒಪ್ಪುವುದೇ ಎಂದು ಲಿಖಿತವಾಗಿ ಕೇಳಿ ತಿಳಿಯಬೇಕು. ಈ ವಿಷಯದಲ್ಲಿ ಶಾಲೆಯಿಂದ ಶಾಲೆಗೆ ನಿಲುವು ಬೇರೆ. ಬೇಸಿಗೆಯ ಆರೆಂಟು ವಾರಗಳಲ್ಲಿ ಮುಗಿಯುವ ಅವಸರದ ಪಾಠಗಳು ಸಂಖ್ಯಾಶಾಸ್ತ್ರಕ್ಕೆ ನಡೆಯಬಹುದು, ರಸಾಯನಕ್ಕೆ ಒಳ್ಳೆಯದಲ್ಲ. ಅಲ್ಲಿ ನರ್ಸ್‌ಗಳ ಪಾಳಿ ಸಾಮಾನ್ಯವಾಗಿ 12 ಗಂಟೆಯದು, ವಾರಕ್ಕೆ ಮೂರು ದಿನ. ರಾತ್ರಿ ಪಾಳಿಯಲ್ಲಿರುವವರು ಒಂದು ಅವಧಿಗೆ ಪ್ರಯೋಗಾಲಯವಿರುವ ಒಂದೇ ವಿಷಯವನ್ನು ಇಟ್ಟುಕೊಳ್ಳುವುದು ಕ್ಷೇಮ. ಎರಡು ವಿಷಯಗಳಲ್ಲಿ ‘ಸಿ’ ಪಡೆಯುವುದರಿಂದ ಕಾಲ ಉಳಿದಂತಾಗುವುದಿಲ್ಲ.

ಭಾರತದಲ್ಲಿದ್ದುಕೊಂಡೇ ಈ ವಿಷಯಗಳನ್ನು ಮೊದಲು ಮುಗಿಸಿಬಿಡೋಣ ಎಂಬ ಆಲೋಚನೆ ಹಲವರಿಗೆ ಬರುತ್ತದೆ. ಇದು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದಂತೆ. ಮೊದಲು ಬೇಕಾದುದು ಎನ್‌ಕ್ಲೆಕ್ಸ್ ಉತ್ತೀರ್ಣತೆ, ಪರವಾನಗಿ, ವೀಸಾ ಹಾಗೂ ಅಲ್ಲಿನ ತೀವ್ರ ನಿಗಾ ಘಟಕದ ಕೆಲಸ. ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಭಾರತದ ಕೆಲವು ಮಹಾನಗರಗಳಲ್ಲಿಯೇ ಬರೆಯಲು ಅವಕಾಶವಿದೆ. ಆದರೆ ನರ್ಸ್‌ಗಳು ಸಾಮಾನ್ಯವಾಗಿ ಅವಲಂಬಿಸುವ ಕಾಯಂ ವಾಸದ ವೀಸಾ ವರ್ಗದಲ್ಲಿ ಭಾರತೀಯರ ಸರದಿ ಬಹಳ ಉದ್ದವಾಗಿದೆ. ಇಂದು ಓದಿದ ರಸಾಯನಶಾಸ್ತ್ರಕ್ಕೆ ಸರದಿ ಬರುವ ಹೊತ್ತಿಗೆ ಕಾಲಮಿತಿ ಮೀರಿರಬಹುದು. ಇಲ್ಲಿಯ ತೀವ್ರ ನಿಗಾ ಘಟಕದಲ್ಲಿ ಮಾಡಿದ ಸೇವೆಯನ್ನೂ ಅನೇಕ ಶಾಲೆಗಳು ಪ್ರವೇಶಕ್ಕೆ ಲೆಕ್ಕಿಸುವುದಿಲ್ಲ. ಅದು ಅಮೆರಿಕದಲ್ಲಿ ಅಂತಹ ಘಟಕದ ಕೆಲಸ ದೊರಕಿಸಿಕೊಳ್ಳಲು ಮಾತ್ರ ನೆರವಾಗುತ್ತದೆ. ಈ ಸರದಿಯ ಸಂಗತಿಯನ್ನು ಮುಚ್ಚಿಟ್ಟು, ಕೆಲವೇ ತಿಂಗಳ ಸಿದ್ಧತೆಯಿಂದ ಅರಿವಳಿಕೆ ನರ್ಸ್ ಆಗಬಹುದೆಂದು ಹೇಳುವ ಮಧ್ಯವರ್ತಿಗಳಿಂದ ದೂರವಿರುವುದು ಉಚಿತ.

ಅಮೆರಿಕದಲ್ಲಿ ಈಗಾಗಲೇ ನೆಲೆಸಿರುವ ಕನ್ನಡಿಗ ಕುಟುಂಬಗಳ ಪರಿಸ್ಥಿತಿ ಬೇರೆ. ಪತಿ ಅಥವಾ ಪತ್ನಿಯ ಉದ್ಯೋಗ ವೀಸಾವನ್ನು ಅವಲಂಬಿಸಿ ಎಚ್-4 ವರ್ಗದಲ್ಲಿ ಹೋದವರು ಅಲ್ಲಿ ಕಾಲೇಜಿಗೆ ಸೇರಿ ಓದಬಹುದು. ಕೆಲಸ ಮಾಡಲು ಬೇರೆ ಅನುಮತಿ ಬೇಕು; ಅದು ಎಲ್ಲರಿಗೂ ದೊರೆಯುವುದಿಲ್ಲ. ಆದುದರಿಂದ ಇಂತಹ ನರ್ಸ್‌ಗಳು ಪಾಠಗಳನ್ನು ಓದಿ ಮುಗಿಸಿದರೂ ತೀವ್ರ ನಿಗಾ ಘಟಕದ ಸೇವೆ ಇಲ್ಲದೆ ಹೊಸ್ತಿಲಲ್ಲೇ ನಿಲ್ಲಬೇಕಾದೀತು. ಕೆಲಸದ ಅನುಮತಿ ಯಾವಾಗ ಬರಬಹುದೆಂಬ ಅಂದಾಜು ಸಿಕ್ಕ ಬಳಿಕ ಕಾಲಮಿತಿಯುಳ್ಳ ವಿಷಯಗಳನ್ನು ಆರಂಭಿಸಿದರೆ ನಷ್ಟವಿಲ್ಲ. ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲವೂ ನಾಗರಿಕರು, ಕಾಯಂ ವಾಸಿಗಳು ಮೊದಲಾದ ಅರ್ಹ ವರ್ಗದವರಿಗೆ ಮಾತ್ರ ಲಭ್ಯ. ಉಳಿದವರು ಮೂರು ವರ್ಷಗಳ ವೆಚ್ಚವನ್ನು ಬೇರೆ ಮೂಲದಿಂದ ಹೊಂದಿಸಿಕೊಳ್ಳಬೇಕಾಗುತ್ತದೆ. ಮನೆಯವರೆಲ್ಲ ಕುಳಿತು ಈ ಲೆಕ್ಕ ಹಾಕುವುದಕ್ಕೆ ಪೂರ್ವಸಿದ್ಧತೆಯ ವರ್ಷವೇ ತಕ್ಕ ಸಮಯ.

ಅರ್ಜಿ ಸ್ವೀಕಾರವು ಬಹಳಷ್ಟು ಶಾಲೆಗಳಲ್ಲಿ ತರಗತಿ ಆರಂಭವಾಗುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಮುಗಿಯುತ್ತದೆ. ಅರ್ಜಿಯ ವೇಳೆಗೆ ಎಲ್ಲ ವಿಷಯಗಳೂ ಮುಗಿದಿರಬೇಕೇ, ಒಂದೆರಡು ನಡೆಯುತ್ತಿದ್ದರೂ ಸಾಕೇ ಎಂಬುದನ್ನು ವಿಚಾರಿಸಬೇಕು. ವಿಚಾರಣೆಯ ಪತ್ರದಲ್ಲಿ ‘ನಾನು ಅರ್ಹಳೇ’ ಎಂದು ಸಾಮಾನ್ಯವಾಗಿ ಕೇಳಿದರೆ ಸಾಮಾನ್ಯ ಉತ್ತರವೇ ಬರುತ್ತದೆ. ಕಾಲೇಜಿನ ಹೆಸರು, ಪಾಠದ ಸಂಕೇತ ಸಂಖ್ಯೆ, ಪ್ರಯೋಗಾಲಯದ ಗಂಟೆಗಳು, ಓದಿದ ಅಥವಾ ಓದಲಿರುವ ವರ್ಷ ಇವನ್ನು ತಿಳಿಸಿ, ಪಠ್ಯಕ್ರಮದ ಪ್ರತಿಯನ್ನು ಲಗತ್ತಿಸಿ, ಈ ನಿರ್ದಿಷ್ಟ ಪಾಠವು ತಮ್ಮ ನಿಯಮವನ್ನು ಪೂರೈಸುವುದೇ ಎಂದು ಕೇಳಬೇಕು. ಶಾಲೆಯ ಉತ್ತರವನ್ನು ದಿನಾಂಕ ಸಹಿತ ಕಡತದಲ್ಲಿ ಇಟ್ಟುಕೊಂಡು, ಅದು ಕೈಸೇರಿದ ಮೇಲೆಯೇ ಪಾಠದ ಶುಲ್ಕವನ್ನು ಪಾವತಿ ಮಾಡಬೇಕು.